ಕಲಬುರಗಿಯ ಮೇ ತಿಂಗಳಿಗೆ ತಡೆಯುವ ಓವರ್‌ಕ್ಲಾಕ್

ಡಿಸೆಂಬರ್‌ನಲ್ಲಿ ಓವರ್‌ಕ್ಲಾಕ್ ಮಾಡಿ, ಅಂದರೆ ಪ್ರೊಸೆಸರ್ ವೇಗವನ್ನು ಕಂಪನಿ ಇಟ್ಟದ್ದಕ್ಕಿಂತ ಏರಿಸಿ, ‘ಸ್ಟೇಬಲ್’ ಎಂದು ಬಿಟ್ಟ ಸಿಸ್ಟಮ್ ಏಪ್ರಿಲ್ ಕೊನೆಗೆ ತಾನಾಗಿ ರೀಸ್ಟಾರ್ಟ್ ಆಗತೊಡಗಿದರೆ ಚಿಪ್ಪನ್ನು ಬೈಯಬೇಡಿ. ಕೋಣೆ 22 ಡಿಗ್ರಿಯಿಂದ 38ಕ್ಕೆ ಏರಿರುತ್ತದೆ. ಹೀಟ್‌ಸಿಂಕ್ ಇರಲಿ, 360 ಎಂಎಂ ಲಿಕ್ವಿಡ್ ಕೂಲರ್ ಇರಲಿ, ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಕೋಣೆ 16 ಡಿಗ್ರಿ ಏರಿದರೆ ಪ್ರೊಸೆಸರ್ರೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಬೀದರಿನವರಿಗೆ ಊರಿನ ಎತ್ತರದಿಂದ ತುಸು ರಿಯಾಯಿತಿ ಉಂಟು, ಯಾದಗಿರಿಯವರಿಗೆ ಅದೂ ಇಲ್ಲ.

ಹಿಂದೆ ಹಿಂಡಲು ರಸ ಇತ್ತು. 1998ರ ಇಂಟೆಲ್ ಸೆಲೆರಾನ್ 300ಎ ಚಿಪ್ಪಿನ ಬಸ್ (ಚಿಪ್ಪಿಗೂ ಬೋರ್ಡಿಗೂ ನಡುವಿನ ದಾರಿ) ವೇಗವನ್ನು 66ರಿಂದ 100 ಮೆಗಾಹರ್ಟ್ಜ್‌ಗೆ ಏರಿಸಿದರೆ 300ರ ಚಿಪ್ 450ಕ್ಕೆ ಓಡುತ್ತಿತ್ತು. 2000ದ ಮಾರ್ಚ್ 6ರಂದು ಎಎಂಡಿ 1 ಗಿಗಾಹರ್ಟ್ಜ್ ಅಥ್ಲಾನ್ ತಂದಿತು. ಎರಡೇ ದಿನಕ್ಕೆ ಇಂಟೆಲ್ ಅದೇ ವೇಗದ ಪೆಂಟಿಯಂ 3 ಮುಂದಿಟ್ಟಿತು. ಈಗ ಆ ಪೈಪೋಟಿಯಲ್ಲಿ ಕಂಪನಿಗಳೇ ಹಿಂಡಿ ಕಳಿಸುತ್ತವೆ: ಇಂಟೆಲಿನ ಐ9-14900ಕೆ ಡಬ್ಬಿಯಿಂದಲೇ 6 ಗಿಗಾಹರ್ಟ್ಜ್ ಮುಟ್ಟುತ್ತದೆ, ಟರ್ಬೊದಲ್ಲಿ 253 ವ್ಯಾಟ್ ಎಳೆಯುತ್ತದೆ. ನಮಗೆ ಉಳಿದಿರುವುದು ವೋಲ್ಟೇಜ್ ಇಳಿಸುವ ಕೆಲಸ. ವಿದ್ಯುತ್ ಬಳಕೆ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ. ಅದೇ ವೇಗದಲ್ಲಿ 1.30ರಿಂದ 1.20 ವೋಲ್ಟ್‌ಗೆ ಇಳಿದರೆ ಸುಮಾರು 15% ಶಾಖ ಉಳಿಯಿತು.

ಮೊದಲು ಬಯಾಸ್ (ಬೋರ್ಡಿನ ಮೂಲ ತಂತ್ರಾಂಶ, ಮುಂದಿನ ಸೆಟ್ಟಿಂಗ್‌ಗಳೆಲ್ಲ ಇಲ್ಲೇ) ಅಪ್‌ಡೇಟ್, ಅದೂ ಯುಪಿಎಸ್ ಮೇಲೆ. ನಡುವೆ ಕರೆಂಟ್ ಹೋದರೆ ಬೋರ್ಡ್ ಸಾಯಬಹುದು. ಆಮೇಲೆ ಡಿಫಾಲ್ಟ್‌ನಲ್ಲೇ ಸಿನಿಬೆಂಚ್ (ಎಲ್ಲ ಕೋರ್‌ಗಳನ್ನೂ ದುಡಿಸಿ ಸ್ಕೋರ್ ಕೊಡುವ ಪರೀಕ್ಷೆ) 10 ನಿಮಿಷ ಓಡಿಸಿ ಸ್ಕೋರ್, ವ್ಯಾಟ್, ಕೋಣೆಯ ಉಷ್ಣತೆ ಬರೆದಿಡಿ. ರ‍್ಯಾಮಿನ ವೇಗ ಏರಿಸುವ ಸಿದ್ಧ ಸೆಟ್ಟಿಂಗ್ ಎಕ್ಸ್‌ಪೊ ಈಗ ಆಫ್ ಇರಲಿ. ಪ್ರೊಸೆಸರ್, ರ‍್ಯಾಮ್ ಎರಡನ್ನೂ ಒಟ್ಟಿಗೆ ಮುಟ್ಟಿದರೆ ತಪ್ಪು ಯಾರದು ಎಂದು ತಿಳಿಯುವುದಿಲ್ಲ.

ಎಎಂಡಿಯ ರೈಜನ್ 9 9950ಎಕ್ಸ್‌ಗೆ ಬಯಾಸ್‌ನಲ್ಲಿ: ಪಿಬಿಓ (ಎಎಂಡಿಯ ಬೂಸ್ಟ್ ಸೆಟ್ಟಿಂಗ್) ಅಡ್ವಾನ್ಸ್ಡ್, ಕರ್ವ್ ಆಪ್ಟಿಮೈಜರ್ (ಕೋರ್‌ಗಳ ವೋಲ್ಟೇಜ್ ಇಳಿಸುವ ಜಾಗ), ಆಲ್ ಕೋರ್, ನೆಗೆಟಿವ್ 10. ಥರ್ಮಲ್ ಲಿಮಿಟ್ 95ರಿಂದ 85ಕ್ಕೆ, ಪಿಪಿಟಿ (ಚಿಪ್ ಎಳೆಯಬಹುದಾದ ವಿದ್ಯುತ್ತಿನ ಮಿತಿ) 180 ವ್ಯಾಟ್‌ಗೆ ಇಳಿಸಿ. ಪರೀಕ್ಷೆ ಪಾಸಾದರೆ ನೆಗೆಟಿವ್ 15, ಮತ್ತೆ 20. ಮುಗ್ಗರಿಸುವುದು ಸಾಮಾನ್ಯವಾಗಿ ಅತಿ ಹೆಚ್ಚು ಬೂಸ್ಟ್ ಆಗುವ ಒಂದೆರಡು ಕೋರ್‌ಗಳು. ಅದೇ ವೇಗಕ್ಕೆ ಅವು ಆಗಲೇ ಕಡಿಮೆ ವೋಲ್ಟೇಜಿನಲ್ಲಿ ಓಡುತ್ತಿರುತ್ತವೆ, ಅವಕ್ಕೆ ನೆಗೆಟಿವ್ 5 ಸಾಕು.

ಇಲ್ಲೊಂದು ತಿರುವು ಇದೆ. ಭಾರದ ಪರೀಕ್ಷೆ ಮಧ್ಯಾಹ್ನ 3ಕ್ಕೆ ಆಗಬೇಕು, ಹಗುರ ಪರೀಕ್ಷೆ ನಸುಕಿನಲ್ಲಿ. ತಂಪಿನಲ್ಲಿ ಒಂಟಿ ಕೋರ್ ಇನ್ನೂ ಮೇಲಕ್ಕೆ ಬೂಸ್ಟ್ ಆಗಿ ಅಲ್ಲಿ ವೋಲ್ಟೇಜ್ ಸಾಲದೆ ಬೀಳುತ್ತದೆ. ಸಿನಿಬೆಂಚ್ ದಾಟಿದ ಸಿಸ್ಟಮ್ ಬ್ರೌಸರ್ ತೆರೆದಾಗ ಸಾಯುವುದು ಇದಕ್ಕೇ. ಒಂದೊಂದೇ ಕೋರ್ ಪರೀಕ್ಷಿಸುವ ಕೋರ್‌ಸೈಕ್ಲರ್ ರಾತ್ರಿಯಿಡೀ ಓಡಲಿ. ಬಿದ್ದರೆ ವಿಂಡೋಸ್‌ನ ಇವೆಂಟ್ ವ್ಯೂವರ್‌ನಲ್ಲಿ WHEA-Logger (ಹಾರ್ಡ್‌ವೇರ್ ದೋಷದ) ದಾಖಲೆ ನೋಡಿ, ಅದರ ಎಪಿಐಸಿ ಐಡಿ ಸಂಖ್ಯೆಯಿಂದ ಕೋರ್ ಗುರುತಿಸಿ, ಅದೊಂದರ ನೆಗೆಟಿವ್ ಅಂಕೆಯನ್ನೇ 3–5 ತಗ್ಗಿಸಿ. ಕೊನೆಗೆ ಎಕ್ಸ್‌ಪೊ ಹಾಕಿ: ರ‍್ಯಾಮ್ ವೇಗ 6000 ಸಾಕು, ಎಸ್ಒಸಿ ವೋಲ್ಟೇಜ್ (ಚಿಪ್ಪಿನೊಳಗೆ ರ‍್ಯಾಮ್ ನಿಭಾಯಿಸುವ ಭಾಗದ್ದು) 1.3 ವೋಲ್ಟ್ ದಾಟಬಾರದು.

ಇಂಟೆಲ್ 13, 14ನೇ ತಲೆಮಾರಿನವರು ಏರಿಸುವ ಆಸೆ ಬಿಡಿ. ಹೆಚ್ಚು ವೋಲ್ಟೇಜಿನಿಂದ ಚಿಪ್ಪೇ ಸವೆಯುವ ದೋಷಕ್ಕೆ 2024ರಲ್ಲಿ ಬಯಾಸ್ ಅಪ್‌ಡೇಟ್ ಜೊತೆ ಮೈಕ್ರೊಕೋಡ್ (ಚಿಪ್ಪಿನೊಳಗಿನ ಸೂಚನೆಗಳು) ತಿದ್ದುಪಡಿ ಬಂತು. ಅದರ 0x12B ಆವೃತ್ತಿ ಅಥವಾ ಅದಕ್ಕಿಂತ ಹೊಸದು ಇರಲೇಬೇಕು. ಸವೆದದ್ದನ್ನು ಅದು ಸರಿಪಡಿಸದು. ವಿದ್ಯುತ್ ಮಿತಿಗಳಾದ ಪಿಎಲ್1, ಪಿಎಲ್2 ಎರಡೂ 253 ವ್ಯಾಟ್ ಮೀರದಿರಲಿ, ವೋಲ್ಟೇಜ್ ಆಫ್‌ಸೆಟ್ ಮೈನಸ್ 0.025 ವೋಲ್ಟ್‌ನ ಹೆಜ್ಜೆಯಲ್ಲಿ ಇಳಿಯಲಿ. ವೇಗ ಅಷ್ಟೇ ತೋರಿಸಿ ಸ್ಕೋರ್ ಮಾತ್ರ ಕುಸಿದರೆ ಸಿಇಪಿ (ವೋಲ್ಟೇಜ್ ಸಾಲದೆಂದು ಕಂಡರೆ ಚಿಪ್ಪನ್ನು ಒಳಗೊಳಗೇ ನಿಧಾನಿಸುವ ರಕ್ಷಣೆ) ಅಡ್ಡ ಬಂದಿದೆ ಎಂದರ್ಥ.

ನಮ್ಮಲ್ಲಿ ಕೂಲರ್ ಎಂದರೆ ಕಿಟಕಿಯಲ್ಲಿ ನೀರು ಸುರಿಯುವ ಪೆಟ್ಟಿಗೆ. ಒಣ ಬಿಸಿಲಿಗೆ ಅದು ಕೋಣೆಯನ್ನು ಹಲವು ಡಿಗ್ರಿ ಇಳಿಸುತ್ತದೆ, ಬಳಸಿ. ಆದರೆ ಗಾಳಿ ನೇರ ಕ್ಯಾಬಿನೆಟ್‌ಗೆ ಹೊಡೆಯಬಾರದು, ಗಡಸು ನೀರಿನ ಹನಿ ಬೋರ್ಡಿನ ಮೇಲೆ ಬಿಳಿ ಪದರ ಬಿಡುತ್ತದೆ. ಕ್ಯಾಬಿನೆಟ್ ಶಹಾಬಾದ್ ಕಲ್ಲಿನ ನೆಲದ ಮೇಲೆ ಬೇಡ, ಧೂಳೆಲ್ಲ ಅಲ್ಲೇ ಸುಳಿಯುವುದು. ಒಂದು ಅಡಿ ಎತ್ತರಿಸಿ. ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಬ್ಲೋವರ್ ಹೊಡೆಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ, ಗಿರ್ರನೆ ತಿರುಗಲು ಬಿಟ್ಟರೆ ಬೇರಿಂಗ್ ಹೋಗುತ್ತದೆ.