ಹಳೆಯ ಲೆಕ್ಕದ ತಂತ್ರಾಂಶವನ್ನು ಪ್ರತ್ಯೇಕ ಆವರಣದಲ್ಲಿ ಇರಿಸಿದ ನನ್ನ ಅನುಭವ

ಮಂಡ್ಯದಲ್ಲಿ ಸಹಕಾರ ಸಂಘಗಳ ಲೆಕ್ಕ ಪರಿಶೋಧನೆ ಮಾಡುವ ಕಚೇರಿಯೊಂದರ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವ ಹೊಣೆ ನನ್ನದು. ಅಲ್ಲಿ ವಿಷುಯಲ್ ಬೇಸಿಕ್ 6 ಎಂಬ ಹಳೆಯ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಲೆಕ್ಕದ ತಂತ್ರಾಂಶವೊಂದು ಇನ್ನೂ ಬಳಕೆಯಲ್ಲಿತ್ತು. ತೆರೆದಾಗಲೆಲ್ಲ ಅದು ತನ್ನ ಓಸಿಎಕ್ಸ್ ಎಂಬ ಬಿಡಿಭಾಗದ ಫೈಲುಗಳನ್ನು ವಿಂಡೋಸ್ ತನ್ನ ಹೊಂದಾಣಿಕೆಗಳನ್ನು ಬರೆದಿಡುವ ರಿಜಿಸ್ಟ್ರಿಯಲ್ಲಿ ಹೊಸದಾಗಿ ನೋಂದಾಯಿಸುತ್ತಿದ್ದ ಕಾರಣ, ಅದನ್ನು ಬಳಸುವ ಎಲ್ಲ ಗುಮಾಸ್ತರಿಗೂ ಯಂತ್ರದಲ್ಲಿ ಏನನ್ನಾದರೂ ಬದಲಿಸಬಲ್ಲ ಅಡ್ಮಿನಿಸ್ಟ್ರೇಟರ್ ಅಧಿಕಾರ ಕೊಡಲಾಗಿತ್ತು. ಮದ್ದೂರು, ಮಳವಳ್ಳಿ, ನಾಗಮಂಗಲದ ಕಡೆಯ ಸಂಘಗಳ ಕಾರ್ಯದರ್ಶಿಗಳು ತರುವ ಪೆನ್‌ಡ್ರೈವ್‌ಗಳನ್ನು ತೆರೆಯುತ್ತಿದ್ದುದೂ ಇದೇ ಅಧಿಕಾರದಲ್ಲಿ. ಯಾವುದಾದರೂ ಕುತಂತ್ರಾಂಶ ಒಮ್ಮೆ ಚಾಲನೆಗೊಂಡರೆ ಇಡೀ ಯಂತ್ರವೇ ಅದರ ವಶವಾಗುವ ಸ್ಥಿತಿ ಅದು.

ತಂತ್ರಾಂಶವನ್ನು ನಾನು ಥಿನ್‌ಆ್ಯಪ್ ಬಳಸಿ (ತಂತ್ರಾಂಶವನ್ನು ವಿಂಡೋಸ್‌ನಿಂದ ಬೇರ್ಪಟ್ಟ ಆವರಣದಲ್ಲಿ ಓಡಿಸುವ ಸಲಕರಣೆ ಇದು) ಒಂದೇ ಇಎಕ್ಸ್‌ಇ ಫೈಲಿನ ಪ್ಯಾಕೇಜ್ ಮಾಡಿದೆ. ಅನುಸ್ಥಾಪನೆಗೆ ಮೊದಲೊಮ್ಮೆ, ಆಮೇಲೊಮ್ಮೆ ಯಂತ್ರವನ್ನು ಸ್ಕ್ಯಾನ್ ಮಾಡಿ, ನಡುವೆ ಆದ ಬದಲಾವಣೆಗಳನ್ನೆಲ್ಲ ಅದು ಪ್ಯಾಕೇಜಿಗೆ ಸೇರಿಸುತ್ತದೆ. ಆ ನಡುವೆ ಯಂತ್ರದಲ್ಲಿ ವೈರಸ್ ಕೆಲಸ ಮಾಡುತ್ತಿದ್ದರೆ ಅದೂ ಪ್ಯಾಕೇಜಿನೊಳಗೆ ಸೇರಿ ಎಲ್ಲ ಮೇಜುಗಳಿಗೂ ಹಂಚಿಕೆಯಾಗುತ್ತದೆ. ಆದ್ದರಿಂದ ವಿಂಡೋಸ್ ಬಿಟ್ಟು ಬೇರೇನೂ ಇಲ್ಲದ ಹೊಸ ವರ್ಚುವಲ್ ಯಂತ್ರದಲ್ಲಿಯೇ (ಕಂಪ್ಯೂಟರಿನೊಳಗೆ ತಂತ್ರಾಂಶದಿಂದ ರೂಪಿಸಿದ ಇನ್ನೊಂದು ಕಂಪ್ಯೂಟರ್) ಈ ಕೆಲಸ ಮಾಡಿದೆ. ಈಗ ತಂತ್ರಾಂಶ ರಿಜಿಸ್ಟ್ರಿಗೆ ಬರೆದೆನೆಂದುಕೊಳ್ಳುವುದೆಲ್ಲ ಬಳಕೆದಾರರ ಆ್ಯಪ್‌ಡೇಟಾ ಎಂಬ ವೈಯಕ್ತಿಕ ಜಾಗದಲ್ಲಿರುವ ಥಿನ್‌ಸ್ಟಾಲ್ ಎಂಬ ಫೋಲ್ಡರಿಗೆ ಹೋಗುತ್ತದೆ. ಅದನ್ನು ಅಳಿಸಿದರೆ ತಂತ್ರಾಂಶ ಮೊದಲಿನ ಸ್ಥಿತಿಗೆ ಮರಳುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಗುಮಾಸ್ತರ ಅಡ್ಮಿನಿಸ್ಟ್ರೇಟರ್ ಅಧಿಕಾರವನ್ನು ಹಿಂದಕ್ಕೆ ಪಡೆಯಲು ಸಾಧ್ಯವಾಯಿತು. ಭದ್ರತೆಯ ದೃಷ್ಟಿಯಿಂದ ಸಿಕ್ಕ ದೊಡ್ಡ ಲಾಭ ಇದೇ ಎಂದು ನಾನು ದೃಢವಾಗಿ ಹೇಳಬಲ್ಲೆ.

ಆದರೆ ಇಂತಹ ಆವರಣವನ್ನು ಕೋಟೆಯೆಂದು ನಂಬಬಾರದು. ಪ್ಯಾಕೇಜಿನೊಳಗಿನ ತಂತ್ರಾಂಶ ಓಡುವುದು ಗುಮಾಸ್ತರ ಅಧಿಕಾರದಲ್ಲಿಯೇ, ವಿಂಡೋಸ್‌ನ ತಿರುಳಾದ ಅದೇ ಕರ್ನೆಲ್ ಮೇಲೆಯೇ. ಲೆಕ್ಕದ ಕಡತಗಳು ಉಳಿಯಬೇಕಾದ್ದರಿಂದ ಅವುಗಳನ್ನು ಆವರಣದ ಹೊರಗೇ ಇಟ್ಟಿದ್ದೇವೆ. ಗುಮಾಸ್ತರು ತೆರೆಯಬಲ್ಲ ಕಡತವನ್ನು ಅವರ ಹೆಸರಿನಲ್ಲಿ ಓಡುವ, ಕಡತಗಳನ್ನು ಒತ್ತೆಯಿಟ್ಟು ಹಣ ಕೇಳುವ ರ‍್ಯಾನ್ಸಮ್‌ವೇರ್ ಕೂಡ ತೆರೆದು ಗೂಢಲಿಪಿಗೆ ಬದಲಿಸಬಲ್ಲದು. ವಿಂಡೋಸ್‌ನಲ್ಲಿಯೇ ಇರುವ ದೋಷಕ್ಕೂ ಇದು ಪರಿಹಾರವಲ್ಲ: 2017ರ ಮೇ ತಿಂಗಳಲ್ಲಿ ಹರಡಿದ ವಾನಾಕ್ರೈ ಎಂಬ ಇಂತಹದೇ ಕುತಂತ್ರಾಂಶ ಫೈಲ್ ಹಂಚಿಕೆಯ ಎಸ್‌ಎಂಬಿ ಸೇವೆಯ ಮೂಲಕ ನುಗ್ಗಿತ್ತು, ಅದನ್ನು ತಡೆಯುತ್ತಿದ್ದುದು ಅದೇ ವರ್ಷದ ಮಾರ್ಚ್‌ನಲ್ಲಿ ಬಂದಿದ್ದ ಭದ್ರತಾ ತಿದ್ದುಪಡಿ, ಅಂದರೆ ಪ್ಯಾಚ್. ಪ್ಯಾಕೇಜಿನೊಳಗಿನ ಹಳೆಯ ಡಿಎಲ್‌ಎಲ್ ಎಂಬ ಸಹಾಯಕ ಫೈಲುಗಳ ಮಾತಂತೂ ಬೇರೆಯೇ. ವಿಂಡೋಸ್ ಅಪ್‌ಡೇಟ್ ಅವುಗಳನ್ನು ಮುಟ್ಟುವುದಿಲ್ಲ, ಡಿಸ್ಕಿನಲ್ಲಿ ಅವು ಬಿಡಿಯಾಗಿ ಇಲ್ಲದ ಕಾರಣ ದೋಷ ಹುಡುಕುವ ಸ್ಕ್ಯಾನರ್‌ಗಳ ಕಣ್ಣಿಗೂ ಸುಲಭವಾಗಿ ಬೀಳುವುದಿಲ್ಲ. ಹಾಗಾಗಿ ಪ್ಯಾಕೇಜಿನಲ್ಲಿರುವ ಘಟಕಗಳ ಹೆಸರು ಮತ್ತು ಆವೃತ್ತಿಗಳನ್ನು ಪ್ರತ್ಯೇಕ ಪಟ್ಟಿಯಲ್ಲಿ ಬರೆದಿಟ್ಟು, ಯಾವುದಾದರೊಂದಕ್ಕೆ ಭದ್ರತಾ ತಿದ್ದುಪಡಿ ಬಂದಾಗ ಪ್ಯಾಕೇಜನ್ನೇ ಹೊಸದಾಗಿ ಕಟ್ಟುತ್ತೇನೆ.

ಪೆನ್‌ಡ್ರೈವ್‌ಗಳಿಗೆ ಇನ್ನೂ ಗಟ್ಟಿಯಾದ ಗೋಡೆ ಬೇಕಾಗಿತ್ತು. ಅಂತರ್ಜಾಲದಿಂದ ಬಂದ ಎಕ್ಸೆಲ್ ಫೈಲಿನೊಳಗಿನ ಪುಟ್ಟ ಪ್ರೋಗ್ರಾಮುಗಳಾದ ಮ್ಯಾಕ್ರೋಗಳನ್ನು ಆಫೀಸ್ ಈಗ ತಾನಾಗಿಯೇ ತಡೆಯುತ್ತದೆ, ಆದರೆ ಅದು ಗಮನಿಸುವ ಗುರುತು ಎನ್‌ಟಿಎಫ್‌ಎಸ್‌ನಂತಹ ಡಿಸ್ಕ್ ವಿನ್ಯಾಸಗಳಲ್ಲಿ ಮಾತ್ರ ಉಳಿಯುತ್ತದೆ. ಎಫ್‌ಎಟಿ32 ಎಂಬ ಬೇರೆ ವಿನ್ಯಾಸದ ಪೆನ್‌ಡ್ರೈವ್ ಮೂಲಕ ಬಂದ ಫೈಲಿನಲ್ಲಿ ಆ ಗುರುತು ಇರುವುದಿಲ್ಲ. ಇದಕ್ಕಾಗಿ 2019ರಲ್ಲಿ ವಿಂಡೋಸ್ 10ರ ಪ್ರೊ ಆವೃತ್ತಿಗೂ ಬಂದ ವಿಂಡೋಸ್ ಸ್ಯಾಂಡ್‌ಬಾಕ್ಸ್ ಎಂಬ ತಾತ್ಕಾಲಿಕ ವರ್ಚುವಲ್ ಯಂತ್ರವನ್ನು ಆರಿಸಿಕೊಂಡೆ. ಅದಕ್ಕೆ ವರ್ಚುವಲ್ ಯಂತ್ರಗಳನ್ನು ನಡೆಸುವ ಹೈಪರ್‌ವಿಯ ಆಸರೆಯಲ್ಲಿ ತನ್ನದೇ ಕರ್ನೆಲ್ ಇರುತ್ತದೆ. ಕಿಟಕಿ ಮುಚ್ಚಿದೊಡನೆ ಒಳಗಿನದೆಲ್ಲ ಅಳಿದುಹೋಗುತ್ತದೆ. ಅದರಲ್ಲಿ ನೆಟ್‌ವರ್ಕ್ ಮೊದಲೇ ತೆರೆದಿರುವುದರಿಂದ ಅದರ ಹೊಂದಾಣಿಕೆಗಳನ್ನು ಬರೆಯುವ ಡಬ್ಲ್ಯುಎಸ್‌ಬಿ ಫೈಲಿನಲ್ಲಿ ಅದನ್ನು ನಿಲ್ಲಿಸಿ, ಕ್ಲಿಪ್‌ಬೋರ್ಡ್ ಹಂಚಿಕೆಯನ್ನೂ ತೆಗೆದೆ. ಪೆನ್‌ಡ್ರೈವ್‌ನ ಫೈಲುಗಳನ್ನು ತೆರೆಯದೆ ಒಂದು ಫೋಲ್ಡರಿಗೆ ನಕಲು ಮಾಡಿ, ಆ ಫೋಲ್ಡರನ್ನು ಓದಲು ಮಾತ್ರ ಬರುವಂತೆ ಒಳಗೆ ಜೋಡಿಸುತ್ತೇವೆ. ಎಕ್ಸೆಲ್ ಫೈಲುಗಳನ್ನು ತೆರೆಯಬಲ್ಲ ಲಿಬ್ರೆಆಫೀಸ್‌ನಲ್ಲಿ ನೋಡಿದ ಹಾಳೆಯನ್ನು ಬರೀ ಪಠ್ಯವಾದ ಸಿಎಸ್‌ವಿ ರೂಪದಲ್ಲಿ ಬೇರೊಂದು ಖಾಲಿ ಫೋಲ್ಡರಿಗೆ ಉಳಿಸುತ್ತೇವೆ. ಒಮ್ಮೆ, ಪೆನ್‌ಡ್ರೈವ್‌ನಿಂದ ಬಂದ, ಫೋಲ್ಡರಿನ ಹೆಸರನ್ನೇ ಹೊತ್ತ ಶಾರ್ಟ್‌ಕಟ್ ಒಂದನ್ನು ಗುಮಾಸ್ತರೊಬ್ಬರು ಸ್ಯಾಂಡ್‌ಬಾಕ್ಸಿನೊಳಗೆ ಒತ್ತಿದಾಗ ಕಪ್ಪು ಪರದೆಯೊಂದು ಮಿಂಚಿ ಮರೆಯಾಯಿತು; ಅದು ಕುತಂತ್ರಾಂಶವಿರಬಹುದೆಂಬ ಸೂಚನೆ. ಸ್ಯಾಂಡ್‌ಬಾಕ್ಸ್ ಮುಚ್ಚಿ, ಆ ಸಂಘದವರಿಗೆ ತಮ್ಮ ಯಂತ್ರವನ್ನು ಪರೀಕ್ಷಿಸಿಕೊಳ್ಳುವಂತೆ ಫೋನ್ ಮಾಡಿದೆವು.

ಹೊಸ ತಂತ್ರಾಂಶಕ್ಕೆ ಬದಲಾಗಲು ಕಚೇರಿ ಒಪ್ಪಿದೆ. ಬಳಿಕ ಹಳೆಯ ಪ್ಯಾಕೇಜು ಹಿಂದಿನ ವರ್ಷಗಳ ಲೆಕ್ಕ ನೋಡಲಷ್ಟೇ ಉಳಿಯುತ್ತದೆ, ಆಗ ಕಡತಗಳಿಗೆ ಬರೆಯುವ ಅನುಮತಿಯನ್ನೂ ತೆಗೆಯಬಹುದು.