ಪ್ರತಿಕಾಯ ಹಿಡಿದದ್ದು ಯಾವ ಹಾರ್ಮೋನನ್ನು?

ಗರ್ಭದ ಮೊದಲ ದಿನಗಳನ್ನು ಕಾಯುವ ಹಾರ್ಮೋನ್ ಯಾವುದೆಂದು ಕೋತಿಗಳಲ್ಲಿ ನೋಡಲು ಹೊರಟಾಗ ನನ್ನ ಕೈಯಲ್ಲಿದ್ದದ್ದು ಮೊಲದಲ್ಲಿ ಬೆಳೆಸಿದ ಪ್ರತಿಕಾಯ, ಅಂದರೆ ಗೊತ್ತಾದ ಒಂದು ವಸ್ತುವನ್ನು ಹಿಡಿದು ಅದರ ಕೆಲಸ ತಡೆಯುವ ರಕ್ತದ ಪ್ರೋಟೀನ್. ಅದು ಗರ್ಭದ ಮೊದಲ ದಿನಗಳಿಂದ ಮಾಸಿನ ಜೀವಕೋಶಗಳು ಸ್ರವಿಸುವ ಮನುಷ್ಯರ ಎಚ್‌ಸಿಜಿ ಹಾರ್ಮೋನಿಗೆ ಎದುರಾಗಿ ಬೆಳೆದದ್ದು. ಜೆಲ್ಲಿಯಂಥ ಅಗಾರ್ ತುಂಬಿದ ತಟ್ಟೆಯ ಒಂದು ಗುಳಿಗೆ ಪ್ರತಿಕಾಯವಿದ್ದ ಮೊಲದ ಸೀರಮ್ (ರಕ್ತದ ತಿಳಿದ್ರವ), ಎದುರಿನ ಗುಳಿಗೆ ಎಚ್‌ಸಿಜಿ ಹಾಕಿಟ್ಟೆ. ಮರುದಿನ ಬೆಳಕಿಗೆ ಹಿಡಿದರೆ ನಡುವೆ ಹಾಲು ಬಣ್ಣದ ತೆಳು ಗೆರೆ: ಪ್ರತಿಕಾಯ ಹಾರ್ಮೋನನ್ನು ಹಿಡಿದ ಗುರುತು. ಆ ಗೆರೆಯನ್ನು ನಂಬಿಬಿಟ್ಟೆ.

ಗರ್ಭಿಣಿ ಕೋತಿಗಳಿಗೆ ಕೊಟ್ಟರೆ ಏನೂ ಆಗಲಿಲ್ಲ. ನಾನು ಬಳಸಿದ ಮಕಾಕ್ ಕೋತಿಯಲ್ಲಿ ಇದಕ್ಕೆ ಸಮನಾದ ಹಾರ್ಮೋನ್ ಸಿಜಿ; ಅದು ಮಾಡುವ ಕೆಲಸ ನಮ್ಮ ಎಚ್‌ಸಿಜಿಯದೇ, ಆದರೆ ಅದರ ಎರಡು ತುಂಡುಗಳಲ್ಲಿ ಒಂದಾದ ಬೀಟಾ ಭಾಗದ ರಚನೆ ಹಲವೆಡೆ ಬೇರೆ. ನನ್ನ ಸೀರಮ್ ಅದನ್ನು ಹಿಡಿಯುತ್ತಲೇ ಇರಲಿಲ್ಲ. ಗರ್ಭಿಣಿ ಕೋತಿಯ ರಕ್ತದಲ್ಲಿರುವ ಹಾರ್ಮೋನಿನೊಂದಿಗೇ ಮೊದಲು ಪರೀಕ್ಷಿಸಬೇಕಿತ್ತು. ಆ ಪ್ರಾಣಿಗಳನ್ನು ಸುಮ್ಮನೆ ಸೂಜಿಗೆ ಒಡ್ಡಿದೆನಲ್ಲ ಎಂಬ ನೋವು ಇಂದಿಗೂ ಇದೆ.

ಸಿಜಿಯನ್ನು ಹೋಲುವ ಇನ್ನೊಂದು ಹಾರ್ಮೋನ್ ಎಲ್‌ಎಚ್‌; ಅಂಡ ಬಿಡುಗಡೆ ಮಾಡಿಸುವುದು ಅದೇ. ಕುರಿಯ ಎಲ್‌ಎಚ್‌ನ ಬೀಟಾ ಭಾಗಕ್ಕೆ ಬೆಳೆಸಿದ ಪ್ರತಿಕಾಯ ಕೋತಿಯ ಸಿಜಿಯನ್ನು ಚೆನ್ನಾಗಿ ಹಿಡಿಯಿತು. ಮಕಾಕ್‌ನಲ್ಲಿ ಭ್ರೂಣ ಗರ್ಭಕೋಶಕ್ಕೆ ಅಂಟುವುದು ಅಂಡ ಬಿಡುಗಡೆಯಾದ ಸುಮಾರು 9ನೆಯ ದಿನ. ಸಿಜಿ ರಕ್ತದಲ್ಲಿ ಏರುವುದೂ ಆಗಲೇ. ಅದರ ಬೆನ್ನಿಗೇ ಕೆಲವೇ ದಿನ ಸೀರಮ್ ಕೊಟ್ಟೆ, ಏಕೆಂದರೆ ಹೆಚ್ಚು ದಿನ ಕೊಟ್ಟರೆ ಕೋತಿಯ ದೇಹ ಮೊಲದ ಪ್ರತಿಕಾಯದ ವಿರುದ್ಧವೇ ತಿರುಗುತ್ತದೆ. ಗರ್ಭವನ್ನು ಉಳಿಸುವ ಹಾರ್ಮೋನ್ ಪ್ರೊಜೆಸ್ಟೆರಾನ್ ಕುಸಿಯಿತು, ರಕ್ತಸ್ರಾವವಾಗಿ ಗರ್ಭ ಹೋಯಿತು. ಮೊಲದ ಸಾಮಾನ್ಯ ಸೀರಮ್ ಪಡೆದವುಗಳ ಗರ್ಭ ಮುಂದುವರಿಯಿತು. ಪ್ರತಿಕಾಯದ ಜೊತೆಗೆ ಪ್ರೊಜೆಸ್ಟೆರಾನನ್ನೂ ಕೊಟ್ಟಾಗ ಗರ್ಭ ಉಳಿಯಿತು. ನನಗೆ ಎಲ್ಲಕ್ಕಿಂತ ಮುಖ್ಯವಾದ ಫಲಿತಾಂಶ ಅದೇ: ಪ್ರತಿಕಾಯ ಭ್ರೂಣಕ್ಕೆ ವಿಷವಾಗಿರಲಿಲ್ಲ, ಅಂಡಾಶಯದಲ್ಲಿ ಪ್ರೊಜೆಸ್ಟೆರಾನ್ ಸ್ರವಿಸುವ ಕಾರ್ಪಸ್ ಲೂಟಿಯಂಗೆ ಬರುತ್ತಿದ್ದ ಆಸರೆಯನ್ನು ತಪ್ಪಿಸಿತ್ತು. ಗರ್ಭಕ್ಕೆ ನಾಲ್ಕು ವಾರ ದಾಟಿದ ಮೇಲೆ ಕೊಟ್ಟರೆ ಪರಿಣಾಮವಿಲ್ಲ. ಅಷ್ಟರಲ್ಲಿ ಪ್ರೊಜೆಸ್ಟೆರಾನ್ ಒದಗಿಸುವ ಕೆಲಸ ಮಾಸಿನ ಪಾಲಾಗಿರುತ್ತದೆ.

ಒಂದು ತೊಡಕು ಮಾತ್ರ ಬಿಡಲಿಲ್ಲ. ಇದೇ ಪ್ರತಿಕಾಯ ಕೋತಿಯ ಸ್ವಂತ ಎಲ್‌ಎಚ್‌ ಅನ್ನೂ ಹಿಡಿಯುತ್ತದೆ. ಗರ್ಭಿಣಿಯಲ್ಲದ ಕೋತಿಗೆ ಅಂಡ ಬಿಡುಗಡೆಯಾದ ನಂತರ ಕೊಟ್ಟಾಗ ಅದು ಅವಧಿಗೆ ಮುನ್ನವೇ ಮುಟ್ಟಾಯಿತು. ಅದರಲ್ಲಿ ಸಿಜಿ ಇರಲಿಲ್ಲ, ಪ್ರತಿಕಾಯ ತಡೆದದ್ದು ಎಲ್‌ಎಚ್‌ ಅನ್ನೇ. ಹಾಗಾಗಿ ವರದಿಯಲ್ಲಿ ‘ಸಿಜಿ ತಡೆಗಟ್ಟಿದ್ದರಿಂದ’ ಎಂದು ಬರೆದಿದ್ದ ಸಾಲನ್ನು ಹೊಡೆದುಹಾಕಿ, ‘ಎಲ್‌ಎಚ್ ಗುಣವುಳ್ಳ ಹಾರ್ಮೋನುಗಳನ್ನು ತಡೆಗಟ್ಟಿದ್ದರಿಂದ’ ಎಂದು ತಿದ್ದಿದೆ.