ನೊವೇನಾ: ಒಂಬತ್ತು ದಿನಗಳ ಪ್ರಾರ್ಥನೆಯನ್ನು ನಡೆಸುವ ಬಗೆ

ಒಂದು ಕೋರಿಕೆಯನ್ನೋ ಮುಂಬರುವ ಹಬ್ಬವನ್ನೋ ಮನಸ್ಸಿನಲ್ಲಿಟ್ಟುಕೊಂಡು ಒಂಬತ್ತು ದಿನ ಬಿಡದೆ ಸಲ್ಲಿಸುವ ಪ್ರಾರ್ಥನೆಯೇ ನೊವೇನಾ. ಲ್ಯಾಟಿನ್ ಭಾಷೆಯಲ್ಲಿ ‘ನೊವೆಮ್’ ಎಂದರೆ ಒಂಬತ್ತು. ಕಥೋಲಿಕ ಪರಂಪರೆ ಇದರ ಮೂಲವನ್ನು ಬೈಬಲಿನ ‘ಪ್ರೇಷಿತರ ಕಾರ್ಯಕಲಾಪಗಳು’ ಎಂಬ ಗ್ರಂಥದ ಮೊದಲ ಅಧ್ಯಾಯದಲ್ಲಿ ಕಾಣುತ್ತದೆ. ಯೇಸು ಸ್ವರ್ಗಾರೋಹಣವಾದ ಬಳಿಕ, ಪವಿತ್ರಾತ್ಮರು ಇಳಿದುಬರುವ ತನಕ, ಅವರ ಆಪ್ತ ಶಿಷ್ಯರಾದ ಪ್ರೇಷಿತರು ಯೇಸುವಿನ ಮಾತೆ ಮರಿಯಮ್ಮನವರೊಡನೆ ಜೆರುಸಲೇಮಿನ ಮೇಲಂತಸ್ತಿನ ಕೋಣೆಯಲ್ಲಿ ಒಮ್ಮನಸ್ಸಿನಿಂದ ಪ್ರಾರ್ಥಿಸುತ್ತಿದ್ದರು. ಆ ನಡುವಿನ ಒಂಬತ್ತು ದಿನಗಳೇ ಮೊದಲ ನೊವೇನಾ. ಸತ್ತವರಿಗಾಗಿ ಒಂಬತ್ತು ದಿನ ಶೋಕವನ್ನಾಚರಿಸುವ ರೂಢಿ ಪ್ರಾಚೀನ ರೋಮನ್ನರಲ್ಲೂ ಇತ್ತು. ಪೋಪ್ ನಿಧನರಾದಾಗ ಇಂದಿಗೂ ಒಂಬತ್ತು ದಿನ ಬಲಿಪೂಜೆ (ಚರ್ಚಿನಲ್ಲಿ ಗುರುಗಳು ನಡೆಸುವ ‘ಮಾಸ್’ ಆರಾಧನೆ) ಅರ್ಪಿಸಲಾಗುತ್ತದೆ. 2025ರಲ್ಲಿ ಪೋಪ್ ಫ್ರಾನ್ಸಿಸ್ ಅವರಿಗಾಗಿಯೂ ಹಾಗೆಯೇ ನಡೆಯಿತು. ಪವಿತ್ರಾತ್ಮರು ಇಳಿದುಬಂದುದನ್ನು ಸ್ಮರಿಸುವ ಪಂಚಾಶತ್ತಮ ಹಬ್ಬಕ್ಕೆ ಮುನ್ನ ಎಲ್ಲ ಧರ್ಮಕೇಂದ್ರಗಳಲ್ಲೂ (ಊರೂರಿನ ಚರ್ಚುಗಳಲ್ಲೂ) ನೊವೇನಾ ನಡೆಯಬೇಕೆಂದು 1897ರಲ್ಲಿ ಪೋಪ್ ಹದಿಮೂರನೆಯ ಲಿಯೋ ವಿಧಿಸಿದರು.

ಮನೆಯಲ್ಲಿ ನೊವೇನಾ ಆರಂಭಿಸುವವರು ಮೊದಲು ದಿನಗಳನ್ನು ಸರಿಯಾಗಿ ಎಣಿಸಿಕೊಳ್ಳಬೇಕು. ಹಬ್ಬದ ದಿನ ಒಂಬತ್ತರಲ್ಲಿ ಸೇರುವುದಿಲ್ಲ. ಅದರ ಹಿಂದಿನ ದಿನಕ್ಕೆ ನೊವೇನಾ ಮುಗಿಯಬೇಕು. ಸೆಪ್ಟೆಂಬರ್ 8ರ ಮರಿಯಮ್ಮನವರ ಜನನೋತ್ಸವಕ್ಕೆ ಆಗಸ್ಟ್ 30ರಂದು, ಕ್ರಿಸ್ಮಸ್‌ಗೆ ಡಿಸೆಂಬರ್ 16ರಂದು ಆರಂಭಿಸಬೇಕು. ಮಂಗಳೂರಿನ ಕಡೆ ಮೊಂತಿ ಹಬ್ಬವೆಂದು ಕರೆಯುವ ಈ ಜನನೋತ್ಸವದ ನೊವೇನಾದಲ್ಲಿ ಮಕ್ಕಳು ದಿನವೂ ಬಾಲೆ ಮರಿಯಮ್ಮನವರಿಗೆ ಹೂವು ಅರ್ಪಿಸುವುದನ್ನು ನೋಡಿದವರಿಗೆ ಈ ಲೆಕ್ಕ ಹೇಳಿಕೊಡಬೇಕಾಗಿಲ್ಲ.

ಬಳಿಕ ಕೋರಿಕೆಯನ್ನು ಒಂದೇ ವಾಕ್ಯದಲ್ಲಿ ಬರೆದಿಟ್ಟುಕೊಂಡು, ದಿನವೂ ಅದೇ ಹೊತ್ತಿಗೆ, ಸಾಧ್ಯವಾದರೆ ಮನೆಯವರೆಲ್ಲರೊಡನೆ ಕುಳಿತು, ಶಿಲುಬೆಯ ಗುರುತಿನಿಂದ ಆರಂಭಿಸಿ, ಬೈಬಲಿನ ಒಂದು ಚಿಕ್ಕ ಭಾಗವನ್ನು ಓದಿ, ಕೆಲಹೊತ್ತು ಮೌನವಾಗಿದ್ದು, ಆ ದಿನದ ನೊವೇನಾ ಪ್ರಾರ್ಥನೆಯನ್ನೂ ಜಪಸರವನ್ನೂ (ಮಣಿಗಳನ್ನೆಣಿಸುತ್ತಾ ಹೇಳುವ ರೋಸರಿ ಪ್ರಾರ್ಥನೆ) ಹೇಳಬಹುದು. ಮೌನವನ್ನು ಮಾತ್ರ ಬಿಡಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ, ಏಕೆಂದರೆ ಕೇಳುವುದನ್ನಷ್ಟೇ ಕಲಿತ ಮನಸ್ಸು ದೇವರು ಹೇಳುವುದನ್ನು ಆಲಿಸಲಾರದು. ಈ ಒಂಬತ್ತು ದಿನಗಳೊಳಗೆ ಗುರುಗಳ ಬಳಿ ಪಾಪನಿವೇದನೆ ಮಾಡಿ ಬಲಿಪೂಜೆಯಲ್ಲಿ ಪಾಲ್ಗೊಳ್ಳುವುದು ಉತ್ತಮ.

ಒಂದು ದಿನ ತಪ್ಪಿದರೆ ಭಯಪಡಬೇಕಿಲ್ಲ, ಮರುದಿನ ಮುಂದುವರಿಸಿದರಾಯಿತು. ಇಷ್ಟು ಪ್ರತಿ ಮಾಡಿ ಹಂಚಿದರೆ ಕೋರಿಕೆ ಖಂಡಿತ ಈಡೇರುತ್ತದೆ, ಹಂಚದಿದ್ದರೆ ಕೇಡಾಗುತ್ತದೆ ಎಂದು ಬೆದರಿಸುವ ಚೀಟಿಗಳನ್ನು ಯಾರೂ ನಂಬಬಾರದು. ಅಂತರಂಗದ ಭಕ್ತಿಯಿಲ್ಲದೆ ಬರಿಯ ಹೊರಗಿನ ಆಚರಣೆಯೇ ಫಲ ಕೊಡುತ್ತದೆಂದು ಭಾವಿಸುವುದನ್ನು ಧರ್ಮಸಭೆಯ ಬೋಧನೆ ಮೂಢನಂಬಿಕೆಯೆಂದೇ ಕರೆದಿದೆ.

ಒಂಬತ್ತು ದಿನಗಳ ಬದಲು ವಾರಕ್ಕೊಮ್ಮೆಯಂತೆ ಒಂಬತ್ತು ವಾರ ನಡೆಸುವ ಕ್ರಮವೂ ಉಂಟು. ಬೆಂಗಳೂರಿನ ವಿವೇಕನಗರದ ಬಾಲಯೇಸುವಿನ ದೇವಾಲಯದಲ್ಲಿ ಗುರುವಾರಗಳಂದು ನೊವೇನಾ ನಡೆಯುವುದರಿಂದ, ದಿನನಿತ್ಯ ಬಿಡುವು ಸಿಗದ ದುಡಿಯುವ ಜನ ಅದರಲ್ಲಿ ಸೇರಿಕೊಳ್ಳಬಹುದು.